ಮೈಕ್ ಕೂಗಲಿ ಎಂದ ಸಂಗೀತಗಾರ್ತಿ

ಚಿಂತಾಮಣಿಯಲ್ಲಿ ಮೈಕ್‌ಸೆಟ್ ನಡೆಸುವ ನನಗೆ, ಮೈಕ್ ಕುಯ್ಯೋ ಅಂತ ಕೂಗಿದರೆ ಮಾನ ಹೋದ ಹಾಗೆ. ಅಂಥದ್ದರಲ್ಲಿ ಕಾಲೇಜಿನ ಕಾರ್ಯಕ್ರಮಕ್ಕೆ ಬಂದಿದ್ದ ಸಂಗೀತ ಸಂಯೋಜಕಿಯೊಬ್ಬರು, "ಅಣ್ಣ, ನಾನು ಮೈಕ್ ಹಿಡ್ಕೊಂಡು ಸ್ಪೀಕರ್ ಎದುರಿಗೆ ಹೋಗ್ತೀನಿ. ಅದು ಕೂಗಿದ್ರೆ ತಡೀಬೇಡಿ. ಆ ಕೂಗೇ ನನ್ನ ಸಂಗೀತ" ಅಂದರು.

ನನಗಾಗದ ಬೇರೆ ಸೆಟ್‌ನವರೇ ಈಕೆಯನ್ನು ಕಳಿಸಿರಬೇಕು ಅಂತ ಗುಮಾನಿ ಬಂತು.

"ಸೆಟ್ ಕೆಟ್ಟಿದೆ ಅಂತಾರಮ್ಮ. ನಾಳೆಯಿಂದ ನನ್ನ ಯಾರು ಕರೀತಾರೆ?"

"ನಾನೇ ಎಲ್ರಿಗೂ ಹೇಳ್ತೀನಿ ಬಿಡಿ."

ನಂಬಿಕೆ ಬರಲಿಲ್ಲ. "ಸೆಟ್ ಚೆನ್ನಾಗಿದೆ, ಕೂಗಿಸ್ತಿರೋದು ನಾನು" ಎಂದು ಅವರು ಸಭೆಗೆ ಹೇಳಿದ ಮೇಲೂ ನನ್ನ ಕೈ ವಾಲ್ಯೂಮ್ ಗುಂಡಿ ಬಿಟ್ಟು ಕದಲಲಿಲ್ಲ.

ಅವರು ಸ್ಪೀಕರ್ ಹತ್ತಿರ ಹೋದರು, ದೂರ ಬಂದರು. ಆ ಕೀರಲು ಸದ್ದು ತೆಳ್ಳಗಾಯಿತು, ದಪ್ಪಗಾಯಿತು, ಒಮ್ಮೆಯಂತೂ ನಾಗಸ್ವರದಂತೆ ಉದ್ದಕ್ಕೆ ರಾಗ ಎಳೆಯಿತು. ಬೇಡವೆಂದರೂ ಕಿವಿಗೊಟ್ಟೆ.

ಮುಗಿದ ಮೇಲೆ ಹಿರಿಯರೊಬ್ಬರು ನೇರ ನನ್ನ ಹತ್ತಿರವೇ ಬಂದರು. ಬೈಯೋದಕ್ಕೇ ಬಂದರು ಅಂದುಕೊಂಡು ವೈರ್ ಸುತ್ತತೊಡಗಿದೆ.

"ಮಗಳ ಮದ್ವೆಗೆ ನಿನ್ನ ಸೆಟ್ಟೇ ಕಣಪ್ಪ" ಅಂದರು. ಆಮೇಲೆ ವೇದಿಕೆಯ ಕಡೆ ನೋಡಿ, ದನಿ ತಗ್ಗಿಸಿ ಕೇಳಿದರು: "ಆಯಮ್ಮ ಬರಲ್ಲ ತಾನೆ?"