ನಿಜಲಿಂಗಪ್ಪ ಮಾಸ್ತರರು ಹೊಡೆದುಹಾಕಿದ ನಾಲ್ಕು ಅಂಕಿಗಳು

ಗದಗ ಸೀಮೆಯಲ್ಲಿ ವಿಜ್ಞಾನ ಕಲಿಸಿದವರು ಬೇಕಾದಷ್ಟು ಜನರಿದ್ದಾರೆ. ಆದರೆ ಹೈಸ್ಕೂಲು ಮಕ್ಕಳ ಕೈಯಿಂದಲೇ ಸಂಶೋಧನೆ ಮಾಡಿಸಬಹುದೆಂದು ನಂಬಿ, ಆ ನಂಬಿಕೆಗೆ ಹದಿನೇಳು ಬೇಸಿಗೆಗಳನ್ನು ಧಾರೆಯೆರೆದವರು ಶ್ರೀ ನಿಜಲಿಂಗಪ್ಪ ಮಾಸ್ತರರೊಬ್ಬರೇ. ಈ ತಿಂಗಳು ಅವರು ನಿವೃತ್ತರಾಗುತ್ತಿದ್ದಾರೆ. ಅಭಿನಂದನ ಗ್ರಂಥಕ್ಕೆ ಒಪ್ಪಿಗೆ ಕೇಳಲು ಹೋದ ಸಮಿತಿಯವರಿಗೆ ಅವರು ಹಾಕಿದ ಷರತ್ತು ಒಂದೇ: "ಆ ಹುಡುಗಿ ಕಾವೇರಿ ವಿಷಯ ಬಿಟ್ಟು ಬರಿಯೋದಾದ್ರ ಈ ಪುಸ್ತಕ ನನಗ ಬ್ಯಾಡ್ರಿ." ಸನ್ಮಾನದ ಲೇಖನದಲ್ಲಿ ಸನ್ಮಾನಿತರ ತಪ್ಪನ್ನೇ ಬರೆಯಬೇಕಾದ ಸಂಕಟ ಯಾವ ಶತ್ರುವಿಗೂ ಬೇಡ. ಆದರೆ ಮಾಸ್ತರರ ಹಟದ ಮುಂದೆ ಯಾರ ಆಟವೂ ನಡೆದದ್ದಿಲ್ಲ.

ಶಿರಹಟ್ಟಿಯ ಶಾಲೆಯಲ್ಲಿ ಸೇವೆ ಆರಂಭಿಸಿದ ಅವರು ಮುಂಡರಗಿಗೆ ವರ್ಗವಾಗಿ ಬಂದದ್ದು ಎರಡು ಸಾವಿರದ ಐದರಲ್ಲಿ. ಮರುವರ್ಷವೇ ಒಂದು ಟ್ರಸ್ಟಿನವರನ್ನು ಕಾಡಿ ಬೇಡಿ, ಡೋಣಿ ಗ್ರಾಮದ ಖಾಲಿ ವಸತಿನಿಲಯದಲ್ಲಿ ಬೇಸಿಗೆ ಸಂಶೋಧನ ಶಿಬಿರ ಹೂಡಿದರು. ಹತ್ತನೆಯ ಪರೀಕ್ಷೆ ಬರೆದ ಮಕ್ಕಳಲ್ಲಿ ಪರೀಕ್ಷಿಸಿ ಆರಿಸಿದ ಹನ್ನೆರಡು ಮಂದಿ ಜಾಣರು, ಮೂವತ್ತು ದಿನದ ವಾಸ, ಒಂದೇ ಕೆಲಸ: ಕಪ್ಪತಗುಡ್ಡದ ಬುಡದ ಹಳೆಯ ಬಾವಿಗಳ ನೀರಿನ ಮಟ್ಟವನ್ನು ದಿನಾ ಬೆಳಿಗ್ಗೆ ಅಳೆದು ಬರೆಯುವುದು. ಮನೆ ಬಿಟ್ಟು ಬಂದ ಮಕ್ಕಳು ಮೊದಲ ದಿನ ಬಿಕ್ಕಬಾರದೆಂದು ಮಾಸ್ತರರ ಮಡದಿ ನೀಲಗಂಗವ್ವನವರು ರೊಟ್ಟಿ ಬಡಿದು ಬುತ್ತಿ ಕಟ್ಟಿ ಕಳಿಸುತ್ತಿದ್ದರು. ಬೋರ್ಡು ಕಾಣದೆ ಕಣ್ಣು ಕಿರಿದು ಮಾಡುತ್ತಿದ್ದ ಹನಮಂತನಿಗೆ ಕನ್ನಡಕ ಕೊಡಿಸಿದವರು ಮಾಸ್ತರರೇ. ಆ ಹನಮಂತ ಇಂದು ಗದಗದಲ್ಲಿ ಭೌತಶಾಸ್ತ್ರದ ಉಪನ್ಯಾಸಕ. ಇಂಥವು ಹತ್ತಾರು ಇವೆ, ಬರೆಯುತ್ತ ಹೋದರೆ ಗ್ರಂಥ ಸಾಲದು. ಮಾಸ್ತರರಿಗೆ ಮಾತ್ರ ಇವು ಯಾವುವೂ ಲೆಕ್ಕಕ್ಕಿಲ್ಲ.

ಶಿಬಿರದಲ್ಲೊಂದು ನೇಮವಿತ್ತು. ಒಂದೊಂದು ಬಾವಿಗೂ ಇಬ್ಬರು ಮಕ್ಕಳು. ಒಬ್ಬರ ಅಳತೆಯನ್ನು ಇನ್ನೊಬ್ಬರು ನೋಡುವಂತಿಲ್ಲ. ಎರಡೂ ಕೂಡಿಬಂದರೆ ಮಾತ್ರ ಆ ಅಂಕಿ ಪಾಸು. ಎರಡು ಸಾವಿರದ ಹದಿನಾಲ್ಕರ ಮೇ ತಿಂಗಳಲ್ಲಿ ಅಡರಕಟ್ಟಿಯ ಕಾವೇರಿಗೆ ಜೋಡಿಯಾಗಿದ್ದ ನಿಶಾತ ಎಂಬ ಹುಡುಗಿ ಜ್ವರ ಹಿಡಿದು ಮಲಗಿದಳು. ಕಾವೇರಿ ನಾಲ್ಕು ದಿನ ಒಬ್ಬಳೇ ಹಗ್ಗ ಇಳಿಬಿಟ್ಟು ಅಳೆದು ಬಂದಳು. ಅವಳ ಪ್ರಕಾರ ನೀರು ದಿನಕ್ಕೆ ಅರ್ಧ ಅಡಿಯಂತೆ ಏರಿತ್ತು. ಮಳೆಯ ಹನಿಯಿಲ್ಲ, ಸುಡುವ ಬಿಸಿಲು, ಮರುವಾರ ಗದಗದಲ್ಲಿ ಟ್ರಸ್ಟಿನವರ ಮುಂದೆ ಪ್ರದರ್ಶನ. ಎಂಟು ಬೇಸಿಗೆಗಳ ನಕ್ಷೆಯಲ್ಲಿ ಗೆರೆ ಚೊಕ್ಕಟವಾಗಿ ಇಳಿಯುತ್ತ ಬಂದದ್ದು ಮಾಸ್ತರರ ಹೆಮ್ಮೆಯಾಗಿತ್ತು. ಆ ಹೆಮ್ಮೆಯೇ ಅವರ ಕಣ್ಣು ಕಟ್ಟಿತು.

"ಬ್ಯಾಸಿಗ್ಯಾಗ ಬಾವಿ ನೀರು ತಾನ ಏರತೈತೇನವಾ? ನಿನಗ ನೋಡಾಕ ಬರಂಗಿಲ್ಲ ಬಿಡು," ಎಂದು ಉಳಿದ ಮಕ್ಕಳೆಲ್ಲರ ಎದುರು ಅಂದು, ನಾಲ್ಕೂ ಅಂಕಿಗಳ ಮೇಲೆ ಗೆರೆ ಎಳೆದು, ಅಂದಾಜಿನ ಅಂಕಿಗಳನ್ನು ತಾವೇ ತುಂಬಿದರು. "ಮೂರು ಮೂರು ಸಲ ನೋಡೇನ್ರಿ ಸರ್," ಎಂದಳು ಹುಡುಗಿ. ಮಾಸ್ತರರು ತಲೆ ಎತ್ತಲಿಲ್ಲ. ಪ್ರದರ್ಶನದಲ್ಲಿ ಅವಳ ಹೆಸರೂ ಬರಲಿಲ್ಲ.

ಆಗಸ್ಟಿನಲ್ಲಿ ಶಾಲೆಯ ಪಂಪು ಸುಟ್ಟು, ಮಾಸ್ತರರು ಅದನ್ನು ಹೊತ್ತು ಮುಂಡರಗಿಯ ಮೋಟಾರು ರಿಪೇರಿಯ ಲಾಡಸಾಬನ ಅಂಗಡಿಗೆ ಹೋದರು. ಲಾಡಸಾಬ ತಂತಿ ಸುತ್ತುತ್ತ ಸುಮ್ಮನೆ ಮಾತು ತೆಗೆದ: "ಡೋಣಿ ಯಲ್ಲೇಶಂದೂ ಹಿಂಗ ಸುಟ್ಟಿತ್ರಿ, ನಿಮ್ಮ ಹುಡುಗರ ಪ್ರದರ್ಶನದ ಹಿಂದಿನ ವಾರ. ನಾಕು ದಿನ ಮೋಟಾರು ಇಲ್ಲೇ ಬಿದ್ದಿತ್ತು. ಬೋರು ಬಂದ್ ಅಂತ ದಿನಾ ಬಂದು ಬೈತಿದ್ದ."

ಯಲ್ಲೇಶನ ಕೊಳವೆಬಾವಿ ಇದ್ದದ್ದು ಕಾವೇರಿ ಅಳೆದ ಬಾವಿಯಿಂದ ಐವತ್ತು ಹೆಜ್ಜೆಯಲ್ಲಿ. ಅದು ನೀರೆಳೆಯುವುದು ನಿಂತ ನಾಲ್ಕು ದಿನ ಬಾವಿ ಉಸಿರಾಡಿತ್ತು. ಹಳೆಯ ಬಾವಿಗಳು ಯಾಕೆ ಬತ್ತುತ್ತಿವೆ ಎಂಬುದಕ್ಕೆ ಒಂಬತ್ತು ಬೇಸಿಗೆ ಹುಡುಕಿದರೂ ಸಿಗದ ಸಾಕ್ಷಿಯನ್ನು ಹದಿನಾರರ ಹುಡುಗಿ ತಂದು ಕೈಯಲ್ಲಿಟ್ಟಿದ್ದಳು. ಅಯ್ಯೋ, ಆ ಕೈಯೇ ಅದನ್ನು ಹೊಡೆದುಹಾಕಿತ್ತು! ಮಾಸ್ತರರು ಪಂಪನ್ನು ಅಲ್ಲಿಯೇ ಬಿಟ್ಟು ಹೊರಟರು.

ಮರುದಿನ ಮೊದಲ ಬಸ್ಸಿಗೆ ಅಡರಕಟ್ಟಿಗೆ ಹೋದರು. ಕಾವೇರಿ ಆಗಲೇ ಲಕ್ಷ್ಮೇಶ್ವರದ ಕಾಲೇಜಿನಲ್ಲಿ ಆರ್ಟ್ಸ್ ಸೇರಿಯಾಗಿತ್ತು. ತಾಯಿ ಬೀರವ್ವ ಮಜ್ಜಿಗೆ ಕೊಟ್ಟು, "ಸೈನ್ಸಿಗೇ ಹಾಕಬೇಕಂತ ಇತ್ರಿ. ನೀವ ಆಕಿಗೆ ನೋಡಾಕ ಬರಂಗಿಲ್ಲ ಅಂದ ಮ್ಯಾಲ ನಾವೇನು ಓದಿದವರ, ಯಾರನ್ನ ಕೇಳೋಣ?" ಎಂದರು. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಮಾಸ್ತರರಿಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ತಾಯಿ ಮಗಳಿಬ್ಬರ ಎದುರು ಕೈ ಮುಗಿದು ತಪ್ಪಾಯಿತೆಂದರು. ಪ್ರಾಚಾರ್ಯರನ್ನು ಕಂಡು ಸೈನ್ಸಿಗೆ ಸೀಟು ಬದಲಿಸಲು ಒಪ್ಪಿಸಿಯೂ ಬಂದರು. ಕಾವೇರಿಯೇ ಒಲ್ಲೆನೆಂದಳು. ಮುಂದಿನ ವರ್ಷದ ವರದಿಯಲ್ಲಿ ಆ ಅಂಕಿಗಳು ಅವಳ ಹೆಸರಿನೊಂದಿಗೆ ಅಚ್ಚಾದವು. ತಜ್ಞರು ಭೇಷ್ ಎಂದರು. ಅದರಿಂದ ಅವಳಿಗೆ ಆದದ್ದು ಏನೂ ಇಲ್ಲ.

ಹೋದ ಬೇಸಿಗೆಗೆ ಶಿಬಿರವೂ ಮುಗಿಯಿತು. ಜಾಣ ಮಕ್ಕಳೆಲ್ಲ ಕೋಚಿಂಗಿಗೆ ಹೋಗುವ ಕಾಲ. ಅರ್ಜಿ ಬಂದವು ಮೂರು, ಟ್ರಸ್ಟಿನವರು ಕೈಬಿಟ್ಟರು. ಎಂದಾದರೂ ಅಂಥ ಅಂಕಿ ತರುವ ಇನ್ನೊಂದು ಮಗುವನ್ನಾದರೂ ನಂಬಿ ತಪ್ಪು ತೊಳೆದುಕೊಳ್ಳುತ್ತೇನೆಂದು ಮಾಸ್ತರರು ಇಟ್ಟುಕೊಂಡಿದ್ದ ಆಸೆಯೂ ಅಲ್ಲಿಗೆ ಮಣ್ಣಾಯಿತು.

ಸಮಾರಂಭಕ್ಕೆ ಬರಬೇಕೆಂದು ಸಮಿತಿಯವರು ಕಾವೇರಿಗೆ ಫೋನು ಮಾಡಿದರು. ಈಗ ಅವಳು ಲಕ್ಷ್ಮೇಶ್ವರದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. "ಸರ್ ಮ್ಯಾಲ ನನಗ ಸಿಟ್ಟಿಲ್ರಿ," ಎಂದಳು. "ಆದ್ರ ಅವತ್ತಿನಿಂದ ಏನ್ ನೋಡಿದ್ರೂ ಇನ್ನೊಬ್ಬರನ್ನ ಕೇಳತೀನ್ರಿ, ಇದು ಖರೇನ ಐತೇನು ಅಂತ. ಅದೊಂದು ಹೋಗವಲ್ತು. ನಾ ಬರಂಗಿಲ್ರಿ."

ಈ ಮಾತನ್ನು ಮಾಸ್ತರರಿಗೆ ಮುಟ್ಟಿಸಿದಾಗ ಅವರು "ಇದನ್ನೂ ಹಾಕ್ರಿ," ಎಂದಷ್ಟೇ ಹೇಳಿದರು.

ನಿವೃತ್ತರಿಗೆ ನೂರು ವರ್ಷ ಆಯುಷ್ಯ ಹಾರೈಸುವುದು ವಾಡಿಕೆ. ಈ ಭಾರ ಹೊತ್ತವರಿಗೆ ಅಷ್ಟು ದೀರ್ಘ ಬಾಳು ಕೋರುವುದು ಹರಕೆಯೋ ಶಿಕ್ಷೆಯೋ ತಿಳಿಯದು. ಆದರೂ ಅವರು ಬಾಳಲಿ. ಅವರಿಲ್ಲವಾದರೆ, ಆ ಹುಡುಗಿ ಸರಿಯಾಗಿಯೇ ನೋಡಿದ್ದಳೆಂದು, ತಪ್ಪು ತನ್ನದೆಂದು ಒಪ್ಪಿ ಹೇಳಲು ಈ ಸೀಮೆಯಲ್ಲಿ ಇನ್ನೊಬ್ಬರಿಲ್ಲ.