ಕತ್ತು ಬಗ್ಗಿಸದ ಕೂಸು

ಚಿಕ್ಕತಾಯಮ್ಮ, ನಿಮ್ಮ ಮಗು ಸತ್ತದ್ದು ನೀವು ತಡಮಾಡಿದ್ದರಿಂದಲ್ಲ. ನಾನು ಅದನ್ನು ಮುಟ್ಟಿ ನೋಡದೇ ಹೋದದ್ದರಿಂದ. ಇದು ನಿಮಗೂ ಗೊತ್ತು, ನನಗೂ ಗೊತ್ತು — ಊರಿಗೆ ಮಾತ್ರ ಗೊತ್ತಿಲ್ಲ. ಗೊತ್ತಾಗದಂತೆ ನೋಡಿಕೊಂಡವನು ನಾನೇ.

ಹಳೇಕೋಟೆಯ ಕಡೆ ಒಂದು ಸಣ್ಣ ಡಿಸ್ಪೆನ್ಸರಿಗೆ ಆಗಷ್ಟೇ ಡಾಕ್ಟರಾಗಿ ಬಂದಿದ್ದೆ. ಮನೆಯವರೆಲ್ಲ ಕೂಲಿಗೆ ಹೋದ ಹೊತ್ತಿನಲ್ಲಿ ನೀವು ಎಂಟು ತಿಂಗಳ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಒಬ್ಬರೇ ಬಂದಿರಿ. ಎರಡು ದಿನದ ಜ್ವರ. ನೆಗಡಿಯಿಲ್ಲ, ಕೆಮ್ಮಿಲ್ಲ, ಭೇದಿಯೂ ಇಲ್ಲ. ಕಾರಣ ತಿಳಿಯದ ಜ್ವರವಿದ್ದರೆ ಕೂಸಿನ ಬಟ್ಟೆ ಬಿಚ್ಚಿ ಮೈಯೆಲ್ಲ ನೋಡಬೇಕು, ಕಿವಿ ನೋಡಬೇಕು, ನೆತ್ತಿ ಉಬ್ಬಿದೆಯೇ ಎಂದು ಬೆರಳಿಟ್ಟು ನೋಡಬೇಕು. ಓದಿದ್ದೆ. ಬೇರೆ ಮಕ್ಕಳಿಗೆ ಮಾಡುತ್ತಲೂ ಇದ್ದೆ. ಆದರೆ ನೀವು ಊರಾಚೆಯ ಕೇರಿಯವರು — ನಾನು ಕುರ್ಚಿಯಿಂದ ಏಳಲಿಲ್ಲ.

"ಎತ್ಕಂಡ್ರೆ ಕಿರುಚ್ತದೆ ಸಾ. ಕತ್ತೇ ಬಗ್ಗುಸ್ತಿಲ್ಲ" ಅಂದಿರಿ. ರೋಗದ ಹೆಸರನ್ನೇ ನೀವು ಹೇಳಿಬಿಟ್ಟಿದ್ದಿರಿ, ತಾಯಿ. ನಾನು ಕೇಳಿಸಿಕೊಳ್ಳಲಿಲ್ಲ.

"ಮಲೇರಿಯಾ ಕಣಮ್ಮ. ಇದನ್ನ ಕುಡಿಸು, ಹೋಗು."

ಅದಾಗಿ ಮೂರನೆಯ ದಿನ ಗಂಡನೊಡನೆ ಓಡಿ ಬಂದಿರಿ. ಕೂಸಿಗೆ ಫಿಟ್ಸು. ಆಗ ಮುಟ್ಟಿದೆ — ನೆತ್ತಿ ಬಿಗಿದು ಉಬ್ಬಿತ್ತು. ಮಿದುಳಿನ ಪೊರೆಗೆ ಕೀವಾಗಿತ್ತು; ಕತ್ತು ಬಗ್ಗದಿರುವುದು ಅದರದೇ ಗುರುತು. ಹಾಸನದ ಆಸ್ಪತ್ರೆಗೆ ನಾನೇ ಜೊತೆಯಲ್ಲಿ ಬಂದೆ. ಅಲ್ಲಿನ ಹಿರಿಯ ಡಾಕ್ಟರು ನಿಮ್ಮನ್ನು ಗದರಿದರು: "ಇಷ್ಟು ದಿನ ಮನೇಲಿಟ್ಕೊಂಡು ಏನ್ ಮಾಡ್ತಿದ್ದೆ?"

"ಮೊದ್ಲೇ ತೋರ್ಸಿದ್ನಲ್ಲ ಸಾ..." ಎಂದು ನನ್ನತ್ತ ತಿರುಗಿದಿರಿ.

"ಇಲ್ಲ ಸಾರ್, ಇವತ್ತೇ ತಂದದ್ದು" ಎಂದೆ.

ನಿಮ್ಮ ಗಂಡ ಅಲ್ಲೇ ನಿಂತಿದ್ದ. ನನ್ನ ಮಾತು ನಂಬಿ ನಿಮ್ಮನ್ನೇ ದುರುಗುಟ್ಟಿ ನೋಡಿದ. ಪೆನ್ಸಿಲಿನ್ ಕೊಟ್ಟರೂ ಮಾರನೆಯ ಮಧ್ಯಾಹ್ನ ಕೂಸು ಹೋಯಿತು.

ಮಗು ಕೊಂದವಳೆಂದು ಅತ್ತೆಮನೆಯವರು ನಿಮ್ಮನ್ನು ಹೊರಗೆ ಹಾಕಿದರೆಂದು ನಮ್ಮ ಕಾಂಪೌಂಡರ್ ಹೇಳಿದ. ಡಾಕ್ಟರ ಮಾತಿನೆದುರು ನಿಮ್ಮ ಮಾತು ನಡೆಯಲಿಲ್ಲ. ಆಗಲಾದರೂ ಹೋಗಿ ಹೇಳಬಹುದಿತ್ತು. ಅರಕಲಗೂಡಿಗೆ ವರ್ಗ ಮಾಡಿಸಿಕೊಂಡೆ.

ಹನ್ನೆರಡು ವರ್ಷವಾಯಿತು. ದುದ್ದದಲ್ಲಿ ಅಣ್ಣನ ಮನೆಯಲ್ಲಿದ್ದೀರೆಂದು ತಿಳಿಯಿತು. ಈ ಸೋಮವಾರ ಬರುತ್ತೇನೆ. ನಿಮ್ಮಣ್ಣನೆದುರು ಹೇಳುತ್ತೇನೆ, ನಿಮ್ಮ ಗಂಡನ ಮನೆಗೂ ಹೋಗಿ, ಕೇರಿಯವರೆಲ್ಲ ಕೇಳುವಂತೆ ಹೇಳುತ್ತೇನೆ. ಕ್ಷಮೆ ಬೇಡಲು ಬರುತ್ತಿಲ್ಲ; ಅದನ್ನು ಕೇಳುವ ಮುಖ ನನಗಿಲ್ಲ.

ಕಾಂಪೌಂಡರಿಗೆ ಕೊಟ್ಟ ಔಷಧಿ ಚೀಟಿಯ ಮೇಲೆ ಅಂದು 'ಗಂಡು ಮಗು' ಎಂದಷ್ಟೇ ಬರೆದಿದ್ದೆ. ಅವನ ಹೆಸರೇನಿತ್ತು, ಚಿಕ್ಕತಾಯಮ್ಮ?