ಅವ್ವನ ಕುಣಿಯ ಅಳತೆ

ನನ್ನನ್ನು ಬಿಷಪ್ ಮಾಡಿದ ದಿನ ಹಿರಿಯ ಬಿಷಪ್ಪರೆಲ್ಲ ಸುತ್ತ ನಿಂತು ತಲೆಯ ಮೇಲೆ ಕೈಯಿಟ್ಟರು. ಒಬ್ಬರ ಬೆರಳಿಗೆ ನೆತ್ತಿಯ ಹಳೆಯ ಗಾಯದ ಕುಳಿ ಸಿಕ್ಕಿ, ಅವರು ಬೆಚ್ಚಿ ಕೈ ಸರಿಸಿದರು. ಅದು ನನ್ನ ಅಣ್ಣ ಕೊಟ್ಟದ್ದು. ನನಗೆ ಮೊದಲು ದೀಕ್ಷೆ ಕೊಟ್ಟವನು ಅವನೇ ಎಂದು ನಿವೃತ್ತನಾದ ಮೇಲೆ ಧೈರ್ಯವಾಗಿ ಹೇಳಬಲ್ಲೆ.

ನಾವು ಬೆಟಗೇರಿಯ ನೇಕಾರರು. ಆ ಗಾಯವಾದ ಕಾಲಕ್ಕೆ ದೇಶ ಆಗ ತಾನೇ ಸ್ವತಂತ್ರವಾಗಿತ್ತು. ನಾನು ಸೇರಿದ್ದ ಆಂಗ್ಲಿಕನ್ ಕ್ರೈಸ್ತ ಸಭೆ ಬೇರೆ ಸಭೆಗಳೊಡನೆ ಒಂದಾಗಿತ್ತು. ಕನ್ನಡ ನಾಡೂ ಒಂದಾಗಬೇಕೆಂದು ಗದಗಿನ ಪೇಟೆಯಲ್ಲಿ ದಿನಾ ಭಾಷಣ. ನಮ್ಮ ಮನೆ ಮಾತ್ರ ಎರಡಾಗಿತ್ತು. ನಾನು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂದು ಸೈಕಲ್ ತುಳಿಯುವ ಎಳೆ ಪಾದ್ರಿ. ಅವ್ವ ನನ್ನ ಹಿಂದೆ ಬಂದು ದೀಕ್ಷಾಸ್ನಾನ ಪಡೆದಳು. ಅಣ್ಣ ಹಳೆಯ ಮನೆಯಲ್ಲಿ, ಮಗ್ಗದೊಡನೆ ಉಳಿದ.

ಅವ್ವ ಯೇಸುವಿಗಾಗಿ ಬಂದಳೋ ಮಲಗಲಿಕ್ಕೆ ಬಂದಳೋ ನನಗೆ ಅನುಮಾನ. ನಮ್ಮ ಕುಲದಲ್ಲಿ ಸತ್ತವರನ್ನು ಕುಣಿಯಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ, ಕ್ರೈಸ್ತರು ಮಲಗಿಸುತ್ತಾರೆ. ರಾಟೆಯ ಮುಂದೆ ಮೊಣಕಾಲು ಮಡಚಿ ಅಣ್ಣನ ಮಗ್ಗಕ್ಕೆ ನೂಲು ಸುತ್ತಿ ಸುತ್ತಿ ಅವಳ ಕಾಲು ಮಡಚಿದಂತೆಯೇ ಬಿಗಿದುಹೋಗಿದ್ದವು.

"ಕುಂತ ಕುಂತ ಸಾಕಾಗೇತಿ. ಸತ್ತ ಮ್ಯಾಲಾರ ಕಾಲು ಚಾಚಿ ಮಲಗಸಪಾ," ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು.

ಸತ್ತಳು. ನಮ್ಮ ಸಭೆಯ ಸ್ಮಶಾನಕ್ಕೆ ಹೊತ್ತುಕೊಂಡು ಹೋಗಿ ನೋಡಿದೆ. ಕುಣಿ ಚೌಕವಾಗಿತ್ತು, ಆಳವಾಗಿತ್ತು, ಕೂರಿಸಲಿಕ್ಕೆ ತೋಡಿದಂತೆ. ಅಗೆದವರು ನಮ್ಮ ಸಭೆಯವರೇ, ಮೊನ್ನೆ ಮೊನ್ನೆಯ ತನಕ ನಮ್ಮ ಕುಲದವರೇ. ಬಾಯಿ ಹೊಸ ಪ್ರಾರ್ಥನೆ ಕಲಿತಿತ್ತು, ಕೈ ಮಾತ್ರ ಅಜ್ಜಂದಿರ ಕುಣಿಯನ್ನೇ ತೋಡಿತ್ತು.

"ತಪ್ಪಾತ್ರಿ ಅಯ್ಯನೋರ," ಎಂದು ತಲೆ ಕೆರೆದುಕೊಂಡರು.

ಬೈಯಲೂ ಹೊತ್ತಿರಲಿಲ್ಲ. ಅಣ್ಣ ಓಣಿಯ ಗಂಡಸರನ್ನು ಕಟ್ಟಿಕೊಂಡು, ಬಡಿಗೆ ಹಿಡಿದು ಬಂದ.

"ನಮ್ಮವ್ವನ್ನ ಕುಂಡ್ರಿಸೇ ಮಣ್ಣು ಮಾಡ್ತೀನಿ. ಅಡ್ಡ ಬಂದವನ ಹಲ್ಲು ಉದುರಸ್ತೀನಿ!"

ಒಬ್ಬನ ಹಲ್ಲು ಉದುರಿತು ಕೂಡ. ಹೊತ್ತವರ ಮೊಣಕಾಲಿಗೆ ಏಟು ಬಿದ್ದು, ಚಟ್ಟ ಅವ್ವನ ಸಮೇತ ನೆಲಕ್ಕೆ ಅಪ್ಪಳಿಸಿತು. ನನಗೆ ಪಿತ್ತ ನೆತ್ತಿಗೇರಿತು. ಇನ್ನೊಂದು ಕೆನ್ನೆ ಒಡ್ಡುವ ಕೆಲಸ ನನ್ನದು, ಒಡ್ಡಲಿಲ್ಲ. ಗುದ್ದಲಿಯ ಹಿಡಿಯಿಂದ ಅಣ್ಣನ ಪಕ್ಕೆಗೆ ಬಿಗಿದೆ. ಇವತ್ತಿಗೂ ಅದಕ್ಕೆ ಪಶ್ಚಾತ್ತಾಪವಿಲ್ಲ. ಬಿಗಿದವನೇ ಕುಣಿಗೆ ಹಾರಿ, ಅದನ್ನು ಉದ್ದ ಮಾಡಲು ಮಣ್ಣು ಕೀಳತೊಡಗಿದೆ. ಮೇಲಿನಿಂದ ಅವನ ಬಡಿಗೆ ನನ್ನ ನೆತ್ತಿ ಸೀಳಿತು. ಮತ್ತೊಂದು ಏಟು ಹೆಗಲಿಗೆ. ಕಣ್ಣೊಳಗೆ ರಕ್ತ ಇಳಿಯಿತು, ಆದರೂ ಅಗೆದೆ.

"ಹೊಡಿ ಅಣ್ಣಾ, ನನ್ನನ್ನೂ ಇದರಾಗ ಹುಗಿ! ಆದ್ರ ಅವ್ವನ್ನ ಕುಂಡ್ರಿಸಬ್ಯಾಡ. ನಿನ್ನ ಮಗ್ಗಕ್ಕ ನೂಲು ಸುತ್ತಿ ಸುತ್ತಿ ಆಕಿ ಕಾಲು ಹೋದವು. ಮಲಗಸು ಅಂತ ಕೇಳ್ಯಾಳ, ಅಷ್ಟ!"

ಏಟು ಬೀಳಲಿಲ್ಲ. ತಲೆಯೆತ್ತಿದೆ. ಅಣ್ಣ ಅವ್ವನನ್ನೇ ನೋಡುತ್ತಿದ್ದ. ಸತ್ತ ಮೇಲೂ ಅವಳ ಮೊಣಕಾಲು ನೆಟ್ಟಗಾಗಿರಲಿಲ್ಲ. ಹೊದಿಸಿದ ಬಟ್ಟೆ ಅಲ್ಲಿ ಉಬ್ಬಿ ನಿಂತಿತ್ತು.

"ಏನ್ ನೋಡ್ತಿ, ಎತ್ತಲೇ ಹೆಣಾ!" ಎಂದು ಅವನ ಕಡೆಯವನೊಬ್ಬ ಕೂಗಿದ. ಅಣ್ಣ ತಿರುಗಿ ಅವನ ಮುಖಕ್ಕೇ ಬಡಿಗೆ ಬೀಸಿದ. ಮೂಗು ಒಡೆದು ಅವನು ಕುಸಿದ. ಉಳಿದವರು ಹಿಂದೆ ಸರಿದರು.

ಅಣ್ಣ ಕುಣಿಗಿಳಿದು ನನ್ನ ಕೈಯ ಗುದ್ದಲಿ ಕಿತ್ತುಕೊಂಡು ಅಗೆದ. ಸಾಕೆನಿಸಿದಾಗ ತಾನೇ ಅದರೊಳಗೆ ಅಂಗಾತ ಮಲಗಿ ಅಳತೆ ನೋಡಿದ. ಅವನ ಪಾದ ಕುಣಿಯ ತುದಿಯ ಮಣ್ಣಿಗೆ ತಾಗಿತು.

"ಇನ್ನೊಂದು ಗೇಣು ತೆಗೀಬೇಕು," ಎಂದ.

"ಅವ್ವ ನಿನ್ನಷ್ಟು ಉದ್ದ ಎಲ್ಲಿದ್ದಾಳ ಅಣ್ಣಾ? ಇಷ್ಟ ಸಾಕು."

"ತೆಗಿಯೋ," ಎಂದ, ಮಲಗಿದಲ್ಲೇ ಮುಖ ಮುಚ್ಚಿಕೊಂಡು. "ಇಷ್ಟು ವರ್ಷ ಇಕ್ಕಟ್ಟಿನ್ಯಾಗ ಕುಂಡ್ರಿಸಿಟ್ಟಿದ್ನಿ."